ಮೂವತ್ತೇಳನೇ ನಂಬರಿನ ಹಾಜರಿ

ತಿಪ್ಪೇಶ ಕಿರುಚಿತ್ರ ಮಾಡಲು ಅಲೆದಷ್ಟು ದಿನವೂ ಕ್ಲಾಸಿನಲ್ಲಿ ಅವನ ಹಾಜರಿ ಹೇಳಿದವನು ಗೆಳೆಯ ಹಾಲೇಶ. ಎಡಿಟಿಂಗಿಗೆ ನಿದ್ದೆಗೆಟ್ಟವನೂ ಅವನೇ. ಕಾಲೇಜಿನ ಸಭಾಂಗಣದಲ್ಲಿ ಚಿತ್ರ ಮುಗಿಯುವಷ್ಟರಲ್ಲಿ ಅವನು ಮುಂದಿನ ಸಾಲಿನಲ್ಲೇ ಗೊರಕೆ ಹೊಡೆಯುತ್ತಿದ್ದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕ್ಲಾಸಿನ ಹಾಜರಿ ಕರೆಯುವ ಮೇಷ್ಟ್ರು ಎದ್ದರು.

"ಡೈರೆಕ್ಟರ್ ನೀನೇನಪ್ಪಾ? ನಿನ್ನ ಮುಖ ಕ್ಲಾಸಲ್ಲಿ ನೋಡೇ ಇಲ್ವಲ್ಲ! ನಂಬರ್ ಎಷ್ಟು?"

"ಮೂವತ್ತೇಳು ಸರ್. ದಿನಾ ಬರ್ತೀನಿ, ಹಿಂದಿನ ಬೆಂಚು."

"ಹಾಜರಿ ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ, ಗೊತ್ತಲ್ಲ?"

ಈ ಸಲವೂ ಪರೀಕ್ಷೆ ತಪ್ಪಿದರೆ ಓದು ಬಿಡಿಸುವುದಾಗಿ ಅಪ್ಪ ಹೇಳಿಯಾಗಿತ್ತು.

"ಒಂದಿನಾನೂ ತಪ್ಪಿಸಿಲ್ಲ ಸರ್. ಬೇಕಾದ್ರೆ ಹಾಜರಿ ಪುಸ್ತಕ ನೋಡಿ."

ಮೇಷ್ಟ್ರು ಪುಸ್ತಕ ತೆಗೆಯಲಿಲ್ಲ. ಕ್ಲಾಸಿನಲ್ಲಿ ಕೂಗುವ ಧಾಟಿಯಲ್ಲೇ ಕೂಗಿದರು:

"ಮೂವತ್ತೇಳು!"

ತಿಪ್ಪೇಶ ಬಾಯಿ ತೆರೆಯುವ ಮೊದಲೇ, ಮುಂದಿನ ಸಾಲಿನ ಗೊರಕೆ ಗಕ್ಕನೆ ನಿಂತು "ಎಸ್ ಸರ್" ಎಂದಿತು.