ಲ್ಯಾಬಿಗೆ ಒಳ್ಳೆಯ ನೀರು

ಸುರಕ್ಷಾ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡಳು. ನೀರಿನ ಚೆಂಬನ್ನು ಮಾತ್ರ ಮೆಲ್ಲಗೆ ಆಚೆ ಸರಿಸಿದಳು. ಕುಸುಮ ನೋಡಿಯೂ ನೋಡದ ಹಾಗೆ ಕಂಬಕ್ಕೊರಗಿ ನಿಂತರು. ಪುತ್ತಿಗೆಯಲ್ಲಿ ಮನೆಗೆ ಬಂದವರು ಬೇಕಾದರೆ ಬೆಲ್ಲ ಬಿಟ್ಟಾರು, ನೀರು ಬಿಡುವುದಿಲ್ಲ. ಅದೂ ತಿಂಗಳಿನಿಂದ ಇದೇ ಬಾವಿಯ ನೀರಿಗೆಂದು ಸ್ಕೂಟರಿನಲ್ಲಿ ಬರುತ್ತಿರುವ ಹುಡುಗಿ. ದಿನಾ ಬಾವಿಕಟ್ಟೆಯಿಂದಲೇ ಹೋಗುತ್ತಿದ್ದವಳು ಇವತ್ತು ಬಿಸಿಲಿಗೆ ಸುಸ್ತಾಗಿ ಜಗಲಿಯಲ್ಲಿ ಕೂತಿದ್ದಳು.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳಂತೆ. ತಾಮ್ರದ ತಗಡಿಗೆ ಯಾವುದೋ ಪುಡಿ ಬಳಿದು, ನೀರಿಗೆ ಇಳಿಸಿ ಕರೆಂಟು ಕೊಟ್ಟರೆ ನೀರಿನೊಳಗಿನ ನೈಟ್ರೇಟು ಅಮೋನಿಯ ಆಗುತ್ತದಂತೆ, ಅದರಿಂದ ಗೊಬ್ಬರವಂತೆ. ಪಕ್ಕದ ಮನೆಯ ರುಕ್ಮಯ್ಯ ನಂಬಿರಲಿಲ್ಲ. ಯಾವುದೋ ಕಂಪೆನಿಗೆ ಜಾಗದ ಮೇಲೆ ಕಣ್ಣು ಬಿದ್ದಿದೆ, ನೀರು ಬರೀ ನೆಪ ಎಂದು ಕಿವಿಯಲ್ಲಿ ಊದಿದ್ದರು. ಚೆಂಬು ಸರಿದದ್ದು ಕಂಡ ಮೇಲೆ ಕುಸುಮರ ಅನುಮಾನ ಬೇರೆಯೇ ದಾರಿ ಹಿಡಿಯಿತು.

"ರುಕ್ಮಯ್ಯನವರ ಬಾವಿ ಇಲ್ಲೇ ಉಂಟಲ್ಲ ಮಗಾ, ಅಲ್ಲಿಂದ ಯಾಕೆ ಕೊಂಡೋಗುದಿಲ್ಲ?"

"ಅದರಲ್ಲಿ ನೈಟ್ರೇಟ್ ಸಾಲುದಿಲ್ಲ ಅಕ್ಕ. ನಮ್ಮ ಲ್ಯಾಬಿಗೆ ನಿಮ್ಮ ನೀರೇ ಒಳ್ಳೇದು."

"ಅಷ್ಟು ಒಳ್ಳೇದಾದ್ರೆ ಕುಡಿ ನೋಡುವ."

ಸುರಕ್ಷಾಳ ಮುಖ ಸಪ್ಪಗಾಯಿತು. ಕುಸುಮ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದರು. ಕೊನೆಗೆ ಅವಳು ತಲೆ ತಗ್ಗಿಸಿ ಬಾಯಿಬಿಟ್ಟಳು. ಮೇಲ್ಬದಿಯ ಕೋಳಿ ಫಾರ್ಮಿನ ಗಲೀಜು ಬಾವಿಗೆ ಇಳಿದು ನೈಟ್ರೇಟು ಮಿತಿಮೀರಿರಬೇಕು. ಪ್ರಯೋಗ ಮುಗಿಯುವವರೆಗೆ ಸುದ್ದಿ ಮಾಡಬೇಡ, ಬಾವಿ ಮುಚ್ಚಿಸಿದರೆ ಇಂಥ ನೀರು ಎಲ್ಲಿ ಸಿಗುತ್ತದೆ ಎಂದು ಅವಳ ಗೈಡ್ ಹೇಳಿದ್ದರಂತೆ. ದೊಡ್ಡವರಿಗೆ ಕೂಡಲೇ ಏನೂ ಆಗದೆಂದು ಅವಳೂ ಸುಮ್ಮನಿದ್ದಳು. ಎಳೆಮಕ್ಕಳಿಗೆ ಮಾತ್ರ ಈ ನೀರು ಜೀವಕ್ಕೇ ಅಪಾಯವಂತೆ.

ಕುಸುಮ ಒಳಕೋಣೆಯತ್ತ ತಿರುಗಿ ನೋಡಿದರು. ಬಾಣಂತನಕ್ಕೆ ಬಂದ ಮಗಳು ಪ್ರಾಪ್ತಿ ಒಳಗೆ ಮಲಗಿದ್ದಳು. ಎದೆಹಾಲು ಸಾಲದೆ ಮಗುವಿಗೆ ಡಬ್ಬದ ಹಾಲು. ಈ ಮನೆಯಲ್ಲಿ ಮಗು ಇರುವುದು ಸುರಕ್ಷಾಳಿಗೆ ಗೊತ್ತಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ.

"ಪಾಪುವಿಗೆ ಹಾಲಿನ ಹುಡಿ ಕಲಸುದು ಇದೇ ನೀರಲ್ಲಿ. ಚೆಂದ ಕುದಿಸಿಯೇ ಕೊಡ್ತೇವೆ. ಈಗಲೂ ಒಲೆಯಲ್ಲಿ ಕುದೀತಾ ಉಂಟು," ಎಂದರು ಕುಸುಮ, ಅಷ್ಟಾದರೂ ಸಾಕೇನೋ ಎಂಬ ಆಸೆಯಿಂದ.

"ಕುದಿಸಿದ್ರೆ ನೀರು ಆರಿ ನೈಟ್ರೇಟ್ ಇನ್ನೂ ಜಾಸ್ತಿ ಆಗ್ತದೆ ಅಕ್ಕ."

ಹಾಗೆಂದವಳೇ ನೀರಿಗೆಂದು ತಂದ ಕ್ಯಾನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಕುಸುಮ ಹಿಂದೆಯೇ ಹೋಗಿ ನೋಡಿದರೆ ಹುಡುಗಿ ಚಪ್ಪಲಿ ಕಾಲಲ್ಲೇ ಅಡುಗೆಮನೆಯಲ್ಲಿ ನಿಂತು, ಬಿಸಿ ಪಾತ್ರೆಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಳು. ಆ ಅಡುಗೆಮನೆಗೆ ಚಪ್ಪಲಿ ಮೆಟ್ಟಿ ಯಾರೂ ಬಂದದ್ದಿಲ್ಲ. ಕುಸುಮ ಆ ಮಾತೆತ್ತಲಿಲ್ಲ.

"ಮೊದಲ ಸಲ ಬಂದಾಗ ಎಲ್ಲಿತ್ತು ಮಾರಾಯ್ತಿ ಈ ಓಟ?"