ಬೋಂಡನಿಗೆ ಹೊಸ ಊಟ

ಗಂಡ-ಹೆಂಡತಿ ಕರೆತಂದಿದ್ದ ನಾಯಿಯ ಹಲ್ಲು ನೋಡಿ ಪಶುವೈದ್ಯರು ಹೇಳಿದರು: "ಬೋಂಡನಿಗೆ ವರ್ಷ ತುಂಬ್ತು. ಇನ್ನು ಮರಿಗಳ ಊಟ ಬಿಡಿಸಿ, ದೊಡ್ಡ ನಾಯಿಗಳದ್ದು ಕೊಡಿ. ಆದ್ರೆ ಒಂದೇ ಸಲ ಬೇಡ. ಮೊದಲು ಕಾಲು ಭಾಗ ಹೊಸದು ಬೆರೆಸಿ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹತ್ತು ದಿನದಲ್ಲಿ ಪೂರ್ತಿ ಬದಲಾಗಿರುತ್ತೆ, ಅವನಿಗೆ ಗೊತ್ತೇ ಆಗಲ್ಲ."

ಗಂಡ ಹೊಟ್ಟೆ ಕುಲುಕಿಸಿ ನಕ್ಕ. "ನಾಯಿ ಹತ್ರ ನಡೆಯುತ್ತೆ ಡಾಕ್ಟ್ರೇ, ನನ್ನ ಹತ್ರ ನಡೆಯಲ್ಲ. ಶುಗರ್ ಬಂದಿದೆ, ಅಕ್ಕಿ ಬಿಟ್ಟು ನವಣೆ ತಿನ್ನಿ ಅಂತ ಇವಳು ಹಟ ಹಿಡಿದಿದ್ಲು. ನಾನೇನು ಗಿಣೀನಾ ಅಂದೆ. ಅವತ್ತಿಂದ ಇವಳು ಆ ಮಾತೇ ಎತ್ತಿಲ್ಲ. ಇವತ್ತೂ ಬಿಸಿಬೇಳೆಬಾತ್ ಎರಡು ಸಲ ಹಾಕಿಸ್ಕೊಂಡು ಬಂದೆ!"

ಹೆಂಡತಿ ಬೋಂಡನ ಕಿವಿ ಕೆರೆಯುತ್ತ ಕೇಳಿದಳು: "ಹತ್ತೇ ದಿನ ಸಾಕಾ ಡಾಕ್ಟ್ರೇ? ಇವರಿಗೆ ಹದಿನೈದು ಹಿಡೀತು."