ದನಿಯ ಸ್ಯಾಂಪಲ್

ಅಡಾಪ್ಟರ್ ಕಾದ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮೊದಲು ತಲಬಾಗಿಲಿನ ಕಡೆಗೆ ಹೋಗುತ್ತದೆ.

ಆ ಮಧ್ಯಾಹ್ನ ಕೊಟ್ಟೂರಿನ ನಮ್ಮ ಮನೆಗೆ ಆರ್ಕೆಸ್ಟ್ರಾದ ಹುಡುಗನೊಬ್ಬ ಕೀಬೋರ್ಡ್ ಹೊತ್ತು ಬಂದಿದ್ದ. ಅಕ್ಕನ ಮದುವೆಗೆ ಅವನ ತಂಡವನ್ನು ಕರೆಸುವ ಮಾತಿತ್ತು. ಕೀಬೋರ್ಡಿನ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದು ಕಾದು ವಾಸನೆ ಬರುವವರೆಗೂ ಶಹನಾಯಿ, ಕೊಳಲು ಎಲ್ಲವನ್ನೂ ಒಂದೇ ಪೆಟ್ಟಿಗೆಯಿಂದ ನುಡಿಸಿ ತೋರಿಸಿದ. ಶೇಂಗಾ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

"ಮನುಷ್ಯರ ದನೀನೂ ಹಿಡೀತೈತ್ರಿ ಇದು. ರೇಣುಕಾ, ಏನರ ಒಂದು ಮಾತು ಹೇಳು," ಎಂದು ಮೈಕನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದ. ಅಕ್ಕನ ಹೆಸರನ್ನು ಅವನಿಗೆ ನಾವ್ಯಾರೂ ಹೇಳಿರಲಿಲ್ಲ.

"ಬರ್ತೀನಿ," ಅಂದಳು ಅಕ್ಕ.

ಅವನು ಕೀ ಒತ್ತಿದ. ಅಕ್ಕನ "ಬರ್ತೀನಿ" ಎಡಗಡೆಯ ಕೀಗಳಲ್ಲಿ ಗಂಡಸಿನಂತೆ ದಪ್ಪಗೆ, ಬಲಗಡೆಯವುಗಳಲ್ಲಿ ಗುಬ್ಬಿಯಂತೆ ಕೀಚಲಾಗಿ ಬಂತು. ನಾನು ಬಿದ್ದು ಬಿದ್ದು ನಕ್ಕೆ.

"ಏನಪಾ ಇದು?" ಅಜ್ಜಿ ಕೇಳಿದಳು.

"ಇದಕ್ಕ ಸ್ಯಾಂಪಲ್ ಅಂತಾರ್ರಿ. ದನೀದು ಸ್ಯಾಂಪಲ್."

ಅಜ್ಜಿಯ ಕೈ ನಿಂತಿತು. "ಶೇಂಗಾ ಮಾರಿದಾಕಿ ನಾನು, ನನಗ ಗೊತ್ತೈತಿ. ಒಂದು ಹಿಡಿ ಸ್ಯಾಂಪಲ್ ಒಯ್ದಾವ ಆಮೇಲೆ ಮಾಲಿಗೂ ಬರ್ತಾನ. ಅದನ್ನ ಅಳಿಸು."

ಅವನು ನಕ್ಕು ಸ್ವಿಚ್ ಆರಿಸಿದ. ಮತ್ತೆ ಹಚ್ಚಿ ಅದೇ ಕೀ ಒತ್ತಿದಾಗ ಬರೀ ಶಹನಾಯಿ ಬಂತು.

"ನೋಡ್ರಿ, ಕರೆಂಟ್ ಹೋದ್ರ ಅದೂ ಹೋತು. ಒಳಗ ಏನೂ ಉಳಿದಿಲ್ಲ."

ಅಜ್ಜಿ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದಳು. ಅವನು ಹೋದ ಮೇಲೆ ಹಾಡಹಗಲೇ ತಲಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತು, ಮತ್ತೆ ಶೇಂಗಾ ಸುಲಿಯತೊಡಗಿದಳು. ಆ ಚಿಲಕ ಒಳಗಿದ್ದವರು ಯಾರು ಬೇಕಾದರೂ ತೆಗೆಯಬಹುದಾದದ್ದು.